ಹೊಸ ರೀಲ್ ಕ್ಯಾಮೆರಾ ಕೇಳುವವರಿದ್ದಾರೆ, ಮಾಡಿಕೊಡುವುದು ಯಾಕಿಷ್ಟು ಕಷ್ಟ?

“ಅಣ್ಣಾ, ರೀಲ್ ಕ್ಯಾಮೆರಾ ಉಂಟಾ? ಸಣ್ಣದು. ಹೊಸತು ಬೇಕು, ವಾರಂಟಿ ಇರುವಂಥದ್ದು.”

“ಹೊಸತಾ? ಅದು ಬರೂದು ನಿಂತು ಎಷ್ಟು ವರ್ಷ ಆಯ್ತು ಮಾರಾಯ್ತಿ! ಹಳೆಯದೊಂದು ಉಂಟು. ಫ್ಲಾಶ್ ಹೊಡೀತದೆ, ಆದ್ರೆ ರೀಲು ಮುಂದೆ ಹೋಗೂದಿಲ್ಲ.”

ಉಡುಪಿ, ಮಣಿಪಾಲ, ಮಂಗಳೂರಿನ ಹಳೆ ಸ್ಟುಡಿಯೋಗಳಲ್ಲಿ ಈಗ ಇಂಥ ಮಾತುಕತೆ ಕೇಳಸಿಗುತ್ತದೆ. ರೀಲ್ ಅಂದರೆ ಡಿಜಿಟಲ್ ಬರುವ ಮೊದಲು ಕ್ಯಾಮೆರಾಕ್ಕೆ ಹಾಕುತ್ತಿದ್ದ ಫಿಲ್ಮ್ ರೋಲು. ಕೇಳುವವರು ಇಪ್ಪತ್ತರ ಆಸುಪಾಸಿನವರು. ಉತ್ತರ ಕೊಡುವವರು ಐವತ್ತು ದಾಟಿದವರು. ಮದುವೆ ಸೀಸನ್ನಿನಲ್ಲಿ ಚೀಲದ ತುಂಬ ರೋಲು ಹಿಡಿದುಕೊಂಡು ಲ್ಯಾಬಿನ ಬಾಗಿಲಲ್ಲಿ ಕಾದವರು. ಡಿಜಿಟಲ್ ಬಂದಾಗ ‘ಸದ್ಯ, ತಪ್ಪಿತು’ ಅಂತ ಉಸಿರು ಬಿಟ್ಟವರು. ಆ ತಲೆನೋವನ್ನೇ ಈ ಮಕ್ಕಳು ದುಡ್ಡು ಕೊಟ್ಟು ಕೇಳುತ್ತಿದ್ದಾರಲ್ಲ ಅನ್ನುವುದು ಅವರ ಆಶ್ಚರ್ಯ.

ನನ್ನ ಆಶ್ಚರ್ಯ ಬೇರೆಯದು. 1998ರ ಹೊತ್ತಿನ ಒಂದು ಒಳ್ಳೆ ಜಪಾನಿ ಕ್ಯಾಮೆರಾ ಜೇಬಿಗೆ ಹಿಡಿಯುತ್ತಿತ್ತು. ತಾನೇ ಫೋಕಸ್ ಮಾಡುತ್ತಿತ್ತು, ತಾನೇ ಬೆಳಕು ಅಳೆಯುತ್ತಿತ್ತು, ಬೇಕಾದಾಗ ಫ್ಲಾಶ್ ಹೊಡೆಯುತ್ತಿತ್ತು, ರೀಲನ್ನೂ ತಾನೇ ಸುತ್ತಿಕೊಳ್ಳುತ್ತಿತ್ತು. 2024ರಲ್ಲಿ ಜಪಾನಿನ ಪೆಂಟಾಕ್ಸ್ ಕಂಪನಿ ಹೊಸದಾಗಿ ಮಾಡಿದ ಫಿಲ್ಮ್ ಕ್ಯಾಮೆರಾಕ್ಕೆ ಅಮೆರಿಕದಲ್ಲಿ 500 ಡಾಲರ್. ಆಗಿನ ಲೆಕ್ಕಕ್ಕೆ ಸುಮಾರು 42 ಸಾವಿರ ರೂಪಾಯಿ. ಅದರಲ್ಲಿ ಫೋಕಸ್ ನೀವೇ ಇಡಬೇಕು, ರೀಲನ್ನು ಹೆಬ್ಬೆರಳಿನಿಂದ ನೀವೇ ಎಳೆಯಬೇಕು. ಕಾಲು ಶತಮಾನ ಕಳೆದ ಮೇಲೆ ದುಡ್ಡು ಜಾಸ್ತಿ, ಕ್ಯಾಮೆರಾ ಮಾಡುವ ಕೆಲಸ ಕಡಿಮೆ! ಬೇರೆ ಯಾವ ಯಂತ್ರದಲ್ಲಾದರೂ ಹೀಗಾಗಿದ್ದು ನೋಡಿದ್ದೀರಾ?

ಇದಕ್ಕೆ ಉತ್ತರ ಅರ್ಧ ಕ್ಯಾಮೆರಾದ ಹೊಟ್ಟೆಯೊಳಗಿದೆ, ಅರ್ಧ ಕಾರ್ಖಾನೆಯ ಲೆಕ್ಕಪುಸ್ತಕದಲ್ಲಿದೆ.

ಯಾರಿಗೆ ಬೇಕು?

ಹಳೆ ನೆನಪಿಗೋಸ್ಕರ ಜನ ಕೊಳ್ಳುತ್ತಾರೆ ಅನ್ನುವ ಮಾತಿದೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನೆನಪಿರುವವರಿಗೆ ಇದು ಬೇಡ. ಕೊಡಾಕ್ ಕೆಬಿ10 ಹಿಡಿದು ಧರ್ಮಸ್ಥಳ ಪ್ರವಾಸ ಹೋಗಿ, 36ರಲ್ಲಿ ಹತ್ತು ಫೋಟೊ ಕಪ್ಪಾಗಿ ಬಂದದ್ದನ್ನು ನೋಡಿದವರು ಫೋನಿನಲ್ಲೇ ಸುಖವಾಗಿದ್ದಾರೆ. ಕೇಳುತ್ತಿರುವವರು ಫೋನಿನೊಂದಿಗೇ ಬೆಳೆದವರು. ಅವರ ಫೋನಿನಲ್ಲಿ ಇಪ್ಪತ್ತು ಸಾವಿರ ಫೋಟೊ ಇದೆ, ತಿರುಗಿ ನೋಡಿದ್ದು ಇನ್ನೂರು ಇರಬಹುದು. ರೀಲಿನಲ್ಲಿ 36 ಮಾತ್ರ. ತೆಗೆದ ಕೂಡಲೇ ನೋಡಲು ಆಗುವುದಿಲ್ಲ. ಅಳಿಸಲು ಆಗುವುದಿಲ್ಲ. ಹಿಂದಿನವರಿಗೆ ಕಿರಿಕಿರಿಯಾಗಿದ್ದೇ ಇವರಿಗೆ ಹಿತ.

ಬಣ್ಣದ ವಿಷಯವೂ ಇದೆ. ಫೋನು ಒಂದೇ ಚಿತ್ರಕ್ಕೆ ಹಲವು ಸಲ ಬೆಳಕು ಹಿಡಿದು, ಜೋಡಿಸಿ, ನೆರಳನ್ನೆಲ್ಲ ತೊಳೆದು ಕೊಡುತ್ತದೆ. ಮಲ್ಪೆಯ ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲರ ಮುಖವೂ ಒಂದೇ ಥರ ಮಿಂಚುತ್ತದೆ. ಫಿಲ್ಮಿನಲ್ಲಿ ನೆರಳು ನೆರಳಾಗಿಯೇ ಉಳಿಯುತ್ತದೆ, ಬಿಳಿ ಮಾತ್ರ ಮೆತ್ತಗೆ ಕರಗುತ್ತದೆ.

ಬೇಡಿಕೆ ನಿಜವೋ ಸುಮ್ನೆ ಗಾಳಿಮಾತೋ ಅಂತ ತಿಳಿಯಲು ಹಳೆ ಕ್ಯಾಮೆರಾಗಳ ಬೆಲೆ ನೋಡಿದರೆ ಸಾಕು. ಕಾಂಟ್ಯಾಕ್ಸ್ ಟಿ2 ಎಂಬ ಟೈಟಾನಿಯಂ ಮೈಯ ಕ್ಯಾಮೆರಾ 1990ರ ದಶಕದ ಆರಂಭದ್ದು. ಅದನ್ನು ಮಾಡುತ್ತಿದ್ದ ಕ್ಯೋಸೆರಾ ಕಂಪನಿ 2005ರಲ್ಲಿ ಕ್ಯಾಮೆರಾ ವ್ಯವಹಾರ ಬಿಡುವುದಾಗಿ ಹೇಳಿತು. 2017ರಲ್ಲಿ ಮಾಡೆಲ್ ಕೆಂಡಲ್ ಜೆನ್ನರ್ ಅಮೆರಿಕದ ಒಂದು ಟಿವಿ ಶೋಗೆ ಇದೇ ಕ್ಯಾಮೆರಾ ಹಿಡಿದು ಬಂದರು. ಮೊದಲೇ ಏರುತ್ತಿದ್ದ ಬೆಲೆಗೆ ಮತ್ತೆ ಬೆಂಕಿ ಬಿತ್ತು. ಸೆಕೆಂಡ್ ಹ್ಯಾಂಡ್ ಮಾಲು ಸಾವಿರ ಡಾಲರ್ ದಾಟಿತು. ಅದರ ಹಿಂದೆ ಒಲಿಂಪಸ್ ಮ್ಯೂ, ಯಾಶಿಕಾ ಟಿ4 ಮುಂತಾದವೂ ಏರಿದವು. ಯಾಶಿಕಾ ಟಿ4 ಪ್ಲಾಸ್ಟಿಕ್ಕಿನ ಮನೆಬಳಕೆ ಕ್ಯಾಮೆರಾ. ಅದಕ್ಕೆ ಈಗ ಕೇಳುವ ರೇಟು ಕೇಳಿದರೆ ಸ್ಟುಡಿಯೋದ ಅಣ್ಣನಿಗೆ ತಲೆ ತಿರುಗುತ್ತದೆ.

ಕರಾವಳಿಯಲ್ಲಿ ಹಳೆಯದನ್ನು ನಂಬುವಂತಿಲ್ಲ

ಹಾಗಾದರೆ ಹಳೆಯದನ್ನೇ ಕೊಂಡರಾಯಿತಲ್ಲ, ಹೊಸದು ಯಾಕೆ? ಬೆಂಗಳೂರಿನವರು ಈ ಪ್ರಶ್ನೆ ಕೇಳಬಹುದು. ನಮ್ಮೂರಿನಲ್ಲಿ ಇದಕ್ಕೆ ಉತ್ತರ ಮಳೆಗಾಲ.

ಇಲ್ಲಿನ ಮನೆಯೊಂದರ ಕಪಾಟಿನಿಂದ ಹಳೆ ಕ್ಯಾಮೆರಾ ಹೊರಗೆ ತೆಗೆಯಿರಿ. ಹೆಚ್ಚಾಗಿ ಅದು ಚರ್ಮದ ಕೇಸಿನಲ್ಲೇ ಇರುತ್ತದೆ, ಜೋಪಾನ ಮಾಡಿದ್ದೇವೆ ಅಂತ. ಅದೇ ತೊಂದರೆ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸ್ಟು ಹಿಡಿಯುವ ಊರು ನಮ್ಮದು, ಲೆನ್ಸನ್ನು ಬಿಡುತ್ತದೆಯೇ? ಹಿಂದಿನ ಬಾಗಿಲು ತೆರೆದು, ಲೆನ್ಸಿನ ಮೂಲಕ ಟಾರ್ಚ್ ಬಿಟ್ಟು ನೋಡಿ. ಗಾಜಿನ ಅಂಚಿನಿಂದ ನಡುವಿಗೆ ಹೊರಟ ಸಣ್ಣ ಸಣ್ಣ ಬಿಳಿ ಎಳೆಗಳು ಕಾಣುತ್ತವೆ. ಅದು ಫಂಗಸ್. ಬೇಗ ಕಂಡರೆ ಒರೆಸಿ ತೆಗೆಯಬಹುದು. ವರ್ಷಗಟ್ಟಲೆ ಬಿಟ್ಟರೆ ಅದು ಬಿಡುವ ಆಮ್ಲ ಲೆನ್ಸಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ, ಬೆಳಕಿಗೆ ಎದುರಾಗಿ ತೆಗೆದ ಫೋಟೊ ಎಲ್ಲ ಮಬ್ಬು.

ಬಾಗಿಲಿನ ಅಂಚಿಗೊಂದು ಕಪ್ಪು ಫೋಮ್ ಪಟ್ಟಿ ಇರುತ್ತದೆ, ಬೆಳಕು ಒಳಗೆ ನುಸುಳದ ಹಾಗೆ. ಹಳೆಯದಾದರೆ ಅದು ಡಾಂಬರಿನ ಹಾಗೆ ಕರಗಿ ಬೆರಳಿಗೆ ಅಂಟುತ್ತದೆ. ಇದು ದೊಡ್ಡ ವಿಷಯವಲ್ಲ, ಕೆರೆದು ತೆಗೆದು ಹೊಸದು ಅಂಟಿಸಬಹುದು.

ಸರಿಪಡಿಸಲಾಗದ್ದು ಒಳಗಿನ ವಿದ್ಯುತ್ ಭಾಗ. ಪೆಂಟಾಕ್ಸ್ ಕೆ1000 ಥರದ ದೊಡ್ಡ ಕ್ಯಾಮೆರಾದಲ್ಲಿ ಹಲ್ಲುಚಕ್ರ, ಸ್ಪ್ರಿಂಗು, ಸನ್ನೆ (ಲಿವರ್) ಇರುತ್ತವೆ. ಬ್ಯಾಟರಿ ಬೆಳಕು ಅಳೆಯಲು ಮಾತ್ರ. ಕೈ ಪಳಗಿದ ಮೆಕ್ಯಾನಿಕ್ ಸಿಕ್ಕರೆ ಅದು ಇನ್ನೂ ಐವತ್ತು ವರ್ಷ ನಡೆಯುತ್ತದೆ. ಜೇಬಿನ ಕ್ಯಾಮೆರಾ ಹಾಗಲ್ಲ. ಅದರೊಳಗೆ ಕಾಗದದಷ್ಟು ತೆಳ್ಳಗಿನ ಸರ್ಕ್ಯೂಟ್ ಪಟ್ಟಿಯನ್ನು ಮಡಿಸಿ ಮಡಿಸಿ ತುರುಕಿರುತ್ತಾರೆ. ಒಂದು ಮಡಿಕೆಯಲ್ಲಿ ಬಿರುಕು ಬಿಟ್ಟರೆ ಮುಗಿಯಿತು. ಬಿಡಿಭಾಗ ಎಲ್ಲೂ ಇಲ್ಲ. ಒಂದನ್ನು ಬದುಕಿಸಲು ಇನ್ನೊಂದನ್ನು ಕೊಲ್ಲಬೇಕು. (ಒಂದು ಮಾತು: ಸ್ಕ್ರೂಡ್ರೈವರ್ ಹಿಡಿದು ನೀವೇ ಬಿಚ್ಚಲು ಹೋಗಬೇಡಿ. ಬ್ಯಾಟರಿ ತೆಗೆದ ಮೇಲೂ ಫ್ಲಾಶ್‌ನ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು. ಒಮ್ಮೆ ಹೊಡೆಸಿಕೊಂಡವರು ಮತ್ತೆ ಮುಟ್ಟುವುದಿಲ್ಲ.)

ಹೀಗಾಗಿ ಹಳೆ ಕ್ಯಾಮೆರಾಗಳ ರಾಶಿ ವರ್ಷ ವರ್ಷ ಕರಗುತ್ತಿದೆ. ಹೊಸದಾಗಿ ಒಂದೂ ಸೇರುವುದಿಲ್ಲ. ಕೇಳುವವರು ಮಾತ್ರ ಜಾಸ್ತಿ. ಹುಡುಗಿ ‘ವಾರಂಟಿ ಇರುವಂಥದ್ದು’ ಎಂದು ಒತ್ತಿ ಹೇಳಿದ್ದು ಸುಮ್ನೆ ಅಲ್ಲ. ಮೂವತ್ತು ಸಾವಿರ ಕೊಟ್ಟು ಕೊಂಡದ್ದು ಮುಂದಿನ ಆಟಿ ತಿಂಗಳ ಮಳೆಗೆ ಕೈಕೊಟ್ಟರೆ ಯಾರನ್ನು ಕೇಳುವುದು?

ಒಂದು ಗುಂಡಿ ಒತ್ತಿದಾಗ ಏನೇನು ಆಗುತ್ತದೆ

ಹಳೆ ನಕ್ಷೆ ತೆಗೆದು ಅದನ್ನೇ ಮತ್ತೆ ಮಾಡಿದರೆ ಆಗದೇ? ಕ್ಯಾಮೆರಾ ಏನು ಮಾಡುತ್ತದೆ ಅಂತ ನೋಡಿದರೆ ಕಷ್ಟ ಎಲ್ಲಿದೆ ಎನ್ನುವುದು ಗೊತ್ತಾಗುತ್ತದೆ.

ರೋಲು ಹಾಕಿದ ಕೂಡಲೇ ಕ್ಯಾಮೆರಾ ಅದರ ಡಬ್ಬಿಯ ಮೇಲಿನ ಕಪ್ಪು-ಬೆಳ್ಳಿ ಚೌಕಗಳನ್ನು ಮುಟ್ಟಿ ಓದುತ್ತದೆ. ಇದು 200ರ ಫಿಲ್ಮೋ 400ರದ್ದೋ, ಅಂದರೆ ಬೆಳಕಿಗೆ ಎಷ್ಟು ಚುರುಕು ಅಂತ ಅದಕ್ಕೆ ಗೊತ್ತಾಗುವುದು ಹಾಗೆ. ಡಿಎಕ್ಸ್ ಕೋಡ್ ಅನ್ನುವ ಈ ಏರ್ಪಾಡನ್ನು ಕೊಡಾಕ್ 1983ರಲ್ಲಿ ತಂದದ್ದು. ಇದು ಸುಲಭದ ಭಾಗ.

ಆಮೇಲೆ ಫೋಕಸ್. 1977ರಲ್ಲಿ ಕೋನಿಕಾ ಸಿ35 ಎಎಫ್ ಬಂತು, ತಾನೇ ಫೋಕಸ್ ಮಾಡುವ ಕ್ಯಾಮೆರಾಗಳಲ್ಲಿ ಜನಸಾಮಾನ್ಯರ ಕೈಗೆ ಬಂದ ಮೊದಲನೆಯದು. ಎರಡು ವರ್ಷದ ನಂತರ ಕ್ಯಾನನ್ ಇನ್ನೊಂದು ದಾರಿ ಹಿಡಿಯಿತು. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವನ್ನು ಎದುರಿಗಿದ್ದವರ ಕಡೆ ಬಿಟ್ಟು, ಅದು ಯಾವ ಕೋನದಲ್ಲಿ ವಾಪಸ್ ಬಂತು ಅಂತ ನೋಡಿ ದೂರ ಲೆಕ್ಕ ಹಾಕುವುದು. ಮುಂದೆ ಬಂದ ಎಷ್ಟೋ ಜೇಬಿನ ಕ್ಯಾಮೆರಾಗಳು ನಡೆದದ್ದು ಈ ದಾರಿಯಲ್ಲೇ. ಆ ಲೆಕ್ಕ ಹಾಕುವ ಚಿಪ್ಪನ್ನು ಅದಕ್ಕೆಂದೇ ಮಾಡಿಸುತ್ತಿದ್ದರು. ಅದನ್ನು ಮಾಡುತ್ತಿದ್ದ ಕಾರ್ಖಾನೆಯ ಸಾಲುಗಳು ಮುಚ್ಚಿವೆ. ಅಂಥದ್ದೇ ಚಿಪ್ಪು ಬೇಕೆಂದರೆ ಮತ್ತೆ ಮೊದಲಿನಿಂದ ವಿನ್ಯಾಸ ಮಾಡಬೇಕು.

ಮೂರನೆಯದು ಶಟರ್. ಫೋನಿಗೆ ಇದರ ಗೊಡವೆಯೇ ಇಲ್ಲ. ಅದರ ಸೆನ್ಸರನ್ನು ಬೇಕಾದಾಗ ಆನ್, ಬೇಡದಾಗ ಆಫ್ ಮಾಡಬಹುದು. ಫಿಲ್ಮಿಗೆ ಸ್ವಿಚ್ ಇಲ್ಲ. ಅದು ಯಾವಾಗಲೂ ಎಚ್ಚರವಾಗಿಯೇ ಇರುತ್ತದೆ. ಆದ್ದರಿಂದ ನಿಜವಾದ ಬಾಗಿಲೇ ಬೇಕು: ಲೆನ್ಸಿನ ನಡುವೆ ಕೂದಲಿನಷ್ಟು ತೆಳ್ಳಗಿನ ರೆಕ್ಕೆಗಳು ತೆರೆದು, ಸೆಕೆಂಡಿನ ಮುನ್ನೂರರಲ್ಲಿ ಒಂದು ಪಾಲು ಹೊತ್ತು ನಿಂತು, ಮುಚ್ಚಬೇಕು. ಪ್ರತಿ ಸಲವೂ ಅಷ್ಟೇ ಹೊತ್ತು. ಚಳಿಯಲ್ಲೂ, ನಮ್ಮ ಮೇ ತಿಂಗಳ ಸೆಕೆಯಲ್ಲೂ. ಕೊಪಾಲ್, ಸೀಕೋ ಮುಂತಾದ ಕಂಪನಿಗಳು ಇಂಥ ಶಟರ್‌ಗಳನ್ನು ಮಾಡಿ ಬೇರೆ ಬೇರೆ ಕ್ಯಾಮೆರಾ ಕಂಪನಿಗಳಿಗೆ ಕೊಡುತ್ತಿದ್ದವು. ಕೊಳ್ಳುವವರೇ ಇಲ್ಲದ ಮೇಲೆ ಅವು ಮಾಡುವುದಾದರೂ ಯಾರಿಗೆ?

ಫೋನಿನ ಲೆನ್ಸನ್ನಾದರೂ ಬಳಸಬಹುದೇ? ಅದೂ ಇಲ್ಲ. ಅದು ಬೀಳಿಸುವ ಚಿತ್ರ ಉಗುರಿನಷ್ಟು ದೊಡ್ಡದಿದ್ದರೆ ಹೆಚ್ಚು. ಫಿಲ್ಮಿನ ಚೌಕಟ್ಟು 24 ಮಿಲಿಮೀಟರ್ ಎತ್ತರ, 36 ಅಗಲ. ಅಷ್ಟು ಜಾಗದ ಮೂಲೆ ಮೂಲೆಗೂ ಚಿತ್ರ ಮುಟ್ಟಿಸುವ ಗಾಜು ಬೇಕು.

ಕೊನೆಗೆ ರೀಲು ಸುತ್ತುವುದು. ಫಿಲ್ಮಿನ ಅಂಚಿನ ತೂತುಗಳನ್ನು ನೋಡಿದ್ದೀರಲ್ಲ, ಒಂದು ಫೋಟೊಗೆ ಅಂಥ ಎಂಟು ತೂತು. ಎಂಟಕ್ಕೆ ಸರಿಯಾಗಿ ನಿಲ್ಲಬೇಕು. ಕಡಿಮೆ ಎಳೆದರೆ ಒಂದು ಫೋಟೊ ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ, ಹೆಚ್ಚು ಎಳೆದರೆ 36ರ ರೋಲು 33ಕ್ಕೆ ಮುಗಿಯುತ್ತದೆ. ಫಿಲ್ಮು ಸುರುಳಿಯಾಗಿರಲು ನೋಡುವ ವಸ್ತು, ಅದನ್ನು ಹಿಂದಿನಿಂದ ಒತ್ತಿ ಚಪ್ಪಟೆಯಾಗಿ ಹಿಡಿಯಬೇಕು. ಜೋರಾಗಿ ಒತ್ತಿದರೆ ಗೀರು ಬೀಳುತ್ತದೆ, ಮೆಲ್ಲಗೆ ಒತ್ತಿದರೆ ಅಂಚು ಮಬ್ಬಾಗುತ್ತದೆ.

ಇವುಗಳಲ್ಲಿ ಯಾವುದೂ ರಹಸ್ಯ ವಿದ್ಯೆಯಲ್ಲ. ಮಾಡಿದವರು ನಿವೃತ್ತರಾಗಿದ್ದಾರೆ, ಮಾಡಿಕೊಡುತ್ತಿದ್ದ ಸಣ್ಣ ಕಾರ್ಖಾನೆಗಳು ಬೇರೆ ಕೆಲಸ ಹಿಡಿದಿವೆ.

ಬೇಡಿಕೆ ಇದೆ, ಸಾಕಷ್ಟಿಲ್ಲ

ಇನ್ನು ಲೆಕ್ಕಪುಸ್ತಕ. 1990ರ ದಶಕದ ಕೊನೆಯಲ್ಲಿ ಜಪಾನಿನ ಕಂಪನಿಗಳು ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಫಿಲ್ಮ್ ಕ್ಯಾಮೆರಾ ಹೊರಗೆ ಕಳಿಸುತ್ತಿದ್ದವು. ಕ್ಯಾಮೆರಾದ ಪ್ಲಾಸ್ಟಿಕ್ ಮೈಗೆ ಉಕ್ಕಿನ ಅಚ್ಚು ಬೇಕು. ಒಂದು ಮಾಡೆಲ್‌ನ ಅಚ್ಚುಗಳಿಗೆಲ್ಲ ಒಂದು ಕೋಟಿ ರೂಪಾಯಿ ಆಯಿತು ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕಾಗಿ. ಹತ್ತು ಲಕ್ಷ ಕ್ಯಾಮೆರಾ ಮಾರಿದರೆ ಒಂದೊಂದರ ಮೇಲೆ ಬೀಳುವುದು ಹತ್ತು ರೂಪಾಯಿ. ಹತ್ತು ಸಾವಿರವೇ ಮಾರಿದರೆ ಒಂದೊಂದರ ಮೇಲೆ ಸಾವಿರ. ಶಟರಿಗೆ, ಚಿಪ್ಪಿಗೆ, ಲೆನ್ಸಿಗೆ, ಪರೀಕ್ಷೆ ಮಾಡುವ ಉಪಕರಣಕ್ಕೆ, ಎಲ್ಲಕ್ಕೂ ಇದೇ ಗುಣಾಕಾರ. ಕೆಲವು ಸಾವಿರ ರೂಪಾಯಿಗೆ ಸಿಗುತ್ತಿದ್ದ ಕ್ಯಾಮೆರಾ 40 ಸಾವಿರಕ್ಕೆ ಏರುವುದು ಹೀಗೆ.

ನಮ್ಮೂರಿನವರಿಗೆ ಇದನ್ನು ಹಂಚಿನ ಮೂಲಕ ಹೇಳಿದರೆ ಬೇಗ ಅರ್ಥವಾದೀತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆಮೇಲೆ ನೇತ್ರಾವತಿ, ಫಲ್ಗುಣಿಯ ದಡದುದ್ದಕ್ಕೂ ಹೊಗೆ ಕೊಳವೆಗಳು ಎದ್ದವು. ಈಗ ಹೆಚ್ಚಿನವು ಆರಿವೆ. ಹಂಚು ಕೇಳುವವರು ಇಲ್ಲವೇ? ಇದ್ದಾರೆ. ಹೋಮ್‌ಸ್ಟೇಗೆ, ಹಳೆ ಮನೆ ರಿಪೇರಿಗೆ ಹಳೆ ಹಂಚನ್ನು ಹುಡುಕಿಕೊಂಡು ಬರುತ್ತಾರೆ, ಕೆಡವಿದ ಮನೆಯ ಹಂಚಿಗೆ ಒಳ್ಳೆ ರೇಟು ಕೊಡುತ್ತಾರೆ. ಆದರೆ ಅಷ್ಟು ಜನಕ್ಕೋಸ್ಕರ ಆರಿದ ಭಟ್ಟಿಗೆ ಮತ್ತೆ ಬೆಂಕಿ ಹಾಕಲು ಆಗುವುದಿಲ್ಲ. ಭಟ್ಟಿ ಉರಿದರೆ ಸಾವಿರಗಟ್ಟಲೆ ಹಂಚು ಒಟ್ಟಿಗೆ ಸುಡಬೇಕು. ಕ್ಯಾಮೆರಾ ಕಂಪನಿಗಳು ನಿಂತಿರುವುದು ಇದೇ ಜಾಗದಲ್ಲಿ.

ಪೆಂಟಾಕ್ಸ್ 2022ರ ಡಿಸೆಂಬರಿನಲ್ಲಿ ‘ಫಿಲ್ಮ್ ಕ್ಯಾಮೆರಾ ಮಾಡಲು ಆಗುತ್ತದೋ ನೋಡುತ್ತೇವೆ’ ಅಂತ ಬಹಿರಂಗವಾಗಿ ಹೇಳಿತು. ಮಾಡೇಬಿಡುತ್ತೇವೆ ಅಂತ ಮಾತು ಕೊಡಲಿಲ್ಲ. ಹಳೆಯ ನಕ್ಷೆಗಳಿದ್ದರೂ ಅವುಗಳ ಹಿಂದಿನ ಕೈಚಳಕ ತಿಳಿಯಲು ನಿವೃತ್ತ ಎಂಜಿನಿಯರುಗಳನ್ನು ಕೇಳಬೇಕಾಯಿತು. ರೀಲು ಎಳೆಯುವ ಸನ್ನೆಯನ್ನು ಎಷ್ಟು ಬಿಗಿ ಇಡಬೇಕು, ಯಾವ ಹಲ್ಲು ಮೊದಲು ಕಚ್ಚಬೇಕು ಅನ್ನುವಂಥವು ಕಾಗದದ ಮೇಲೆ ಪೂರ್ತಿ ಇರುವುದಿಲ್ಲವಲ್ಲ. ಒಂದೂವರೆ ವರ್ಷದ ನಂತರ, 2024ರ ಜೂನ್‌ನಲ್ಲಿ ಪೆಂಟಾಕ್ಸ್ 17 ಬಂತು.

ಕಂಪನಿಗಳು ಹಿಡಿದ ದಾರಿಗಳು

ಪೆಂಟಾಕ್ಸ್ ಕಷ್ಟದ ಭಾಗಗಳನ್ನು ಜಾಣತನದಿಂದ ಬಿಟ್ಟಿದೆ. ಫೋಕಸ್ ಚಿಪ್ಪು ಬೇಡ, ಬದಲಿಗೆ ಲೆನ್ಸಿನ ಸುತ್ತ ಆರು ಗುರುತು: ಹೂವು, ಚಾಕು-ಫೋರ್ಕು, ಒಬ್ಬರು, ಇಬ್ಬರು, ಗುಂಪು, ಬೆಟ್ಟ. ಎದುರಿಗಿರುವುದು ಯಾವುದೋ ಅದಕ್ಕೆ ತಿರುಗಿಸಿದರಾಯಿತು. ಮೋಟರ್ ಬೇಡ, ಸನ್ನೆ ಇದೆ. ಲೆನ್ಸನ್ನು ಪೂರ್ತಿ ಹೊಸದಾಗಿ ಮಾಡುವ ಬದಲು 1990ರ ದಶಕದ ತನ್ನದೇ ಎಸ್ಪಿಯೋ ಮಿನಿ ಕ್ಯಾಮೆರಾದ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡಿತು. ಬೆಳಕು ಅಳೆಯುವುದನ್ನು ಮಾತ್ರ ಕ್ಯಾಮೆರಾವೇ ಮಾಡುತ್ತದೆ.

ಅದರ ದೊಡ್ಡ ತೀರ್ಮಾನ ಇನ್ನೊಂದು. ಇದು ಹಾಫ್ ಫ್ರೇಮ್. ಒಂದು ಚೌಕಟ್ಟಿನ ಜಾಗದಲ್ಲಿ ಎರಡು ಫೋಟೊ, ಒಂದೊಂದು 17 ಮಿಲಿಮೀಟರ್ ಅಗಲ, 24 ಎತ್ತರ. ಹೆಸರಿನ 17 ಬಂದದ್ದು ಅಲ್ಲಿಂದ. 36ರ ರೋಲಿನಲ್ಲಿ 72 ಫೋಟೊ. ಇದು ಹೊಸ ಉಪಾಯವೇನಲ್ಲ, ಒಲಿಂಪಸ್ ಪೆನ್ 1959ರಲ್ಲೇ ಮಾಡಿತ್ತು. ಆಗಲೂ ಕಾರಣ ಫಿಲ್ಮಿನ ಖರ್ಚು, ಈಗಲೂ ಅದೇ. ಈಗಿನ ಇನ್ನೊಂದು ಲಾಭವೆಂದರೆ ಕ್ಯಾಮೆರಾವನ್ನು ಸುಮ್ಮನೆ ಹಿಡಿದರೆ ಫೋಟೊ ಉದ್ದಕ್ಕೆ ಬರುತ್ತದೆ, ಫೋನಿನ ಪರದೆಗೆ ಸರಿಯಾಗಿ ಕೂರುತ್ತದೆ.

ಹಾಂಗ್‌ಕಾಂಗಿನ ಮಿಂಟ್ ಕಂಪನಿ ಬೇರೆ ದಾರಿ ಹಿಡಿಯಿತು. 1966ರ ಜರ್ಮನ್ ಕ್ಯಾಮೆರಾ ರೋಲೈ 35ರ ರೂಪದಲ್ಲಿ, 2024ರಲ್ಲಿ ರೋಲೈ 35ಎಎಫ್ ತಂದಿತು. ಇದರಲ್ಲಿ ಪೂರ್ತಿ ಚೌಕಟ್ಟು, ತಾನೇ ಫೋಕಸ್. ಹಳೆ ಇನ್‌ಫ್ರಾರೆಡ್ ಚಿಪ್ಪು ಸಿಗದಿದ್ದರೇನಂತೆ, ಈಗಿನ ಕಾಲದ ಲೈಡಾರ್ ಹಾಕಿದರು. ಕೆಲವು ದುಬಾರಿ ಫೋನುಗಳಲ್ಲಿ ದೂರ ಅಳೆಯಲು ಬಳಸುವುದೂ ಇದನ್ನೇ. ಸತ್ತುಹೋದ ತಂತ್ರವನ್ನು ಎಬ್ಬಿಸುವ ಬದಲು ಜೀವಂತ ಇರುವುದನ್ನು ತಂದು ಜೋಡಿಸುವ ಈ ಕ್ರಮ ನನಗೆ ಇಷ್ಟ. ಬೆಲೆ ಮಾತ್ರ 800 ಡಾಲರ್ ಹತ್ತಿರ. ಲೋಮೋಗ್ರಫಿ ಕಂಪನಿಯವರೂ 2025ರಲ್ಲಿ ತಾನೇ ಫೋಕಸ್ ಮಾಡುವ ಲೋಮೋ ಎಂಸಿ-ಎ ತಂದರು. ಅದಕ್ಕೂ 500 ಡಾಲರಿನ ಮೇಲೆಯೇ.

ತೀರಾ ಕೆಳಗಿನ ದಾರಿ ಕೊಡಾಕ್ ಎಕ್ಟಾರ್ ಎಚ್35. 2022ರಲ್ಲಿ ಬಂದಾಗ 50 ಡಾಲರ್ ಆಸುಪಾಸು. ಪ್ಲಾಸ್ಟಿಕ್ ಮೈ, ಹಾಫ್ ಫ್ರೇಮ್. ಫೋಕಸ್ ಇಲ್ಲ, ಬೆಳಕು ಅಳೆಯುವುದೂ ಇಲ್ಲ. ಶಟರ್ ಯಾವಾಗಲೂ ಸೆಕೆಂಡಿನ ನೂರನೇ ಒಂದು ಪಾಲು. ನಮ್ಮ ಅಜ್ಜಂದಿರ ಆಗ್ಫಾ ಕ್ಲಿಕ್ III ಕೂಡ ಬಹುಪಾಲು ಇಷ್ಟೇ. ಹೊರಗೆ ಬಿಸಿಲಿದ್ದರೆ ಚಂದ ಬರುತ್ತದೆ, ರಾತ್ರಿ ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಫ್ಲಾಶ್ ಇಲ್ಲದೆ ಏನೂ ಬರುವುದಿಲ್ಲ. ಹಾಗೆ ನೋಡಿದರೆ ಪೆಂಟಾಕ್ಸ್‌ನ ಎಫ್3.5 ಲೆನ್ಸಿಗೂ ಚೌಕಿ ಕಷ್ಟವೇ, ಬೆಳಕು ಒಳಗೆ ಬಿಡುವ ಅದರ ಕಿಂಡಿ ಅಷ್ಟೇನೂ ದೊಡ್ಡದಲ್ಲ. ವೇಷ ಕಟ್ಟುವಾಗಿನ ದೀಪದ ಬೆಳಕಿಗೆ ಫೋನೇ ಮೇಲು.

ಹೆಸರು ನೋಡಿ ಮೋಸ ಹೋಗಬೇಡಿ ಅಂತ ಇಲ್ಲೇ ಹೇಳಿಬಿಡುತ್ತೇನೆ. ಎಚ್35 ಮಾಡಿದ್ದು ರೆಟೊ ಎಂಬ ಹಾಂಗ್‌ಕಾಂಗ್ ಕಂಪನಿ, ಕೊಡಾಕ್ ಹೆಸರನ್ನು ಪರವಾನಗಿ ಪಡೆದು ಹಾಕಿದ್ದು. ರೋಲೈ ಕಥೆಯೂ ಹಾಗೆಯೇ. ಹಳೆ ದೊಡ್ಡ ಹೆಸರುಗಳು ಈಗ ಬಾಡಿಗೆಗೆ ಸಿಗುತ್ತವೆ. ಒಳಗಿನ ಮಾಲು ಒಳ್ಳೆಯದೋ ಅಲ್ಲವೋ ಅನ್ನುವುದು ಮಾಡಿದವರ ಮೇಲೆ ಹೋಗುತ್ತದೆ. ಜಪಾನಿನ ಹಳೆ ಕ್ಯಾಮೆರಾ ಕಂಪನಿಗಳಲ್ಲಿ ಜೇಬಿನ ಫಿಲ್ಮ್ ಕ್ಯಾಮೆರಾವನ್ನು ತನ್ನದೇ ಎಂಜಿನಿಯರುಗಳಿಂದ ಹೊಸದಾಗಿ ಮಾಡಿಸುವ ಧೈರ್ಯ ತೋರಿಸಿದ್ದು ಪೆಂಟಾಕ್ಸ್. ನಿಕಾನ್, ಕ್ಯಾನನ್ ಆ ಕಡೆ ತಲೆ ಹಾಕಿಲ್ಲ.

ಕ್ಯಾಮೆರಾ ಸಿಕ್ಕರೂ ರೀಲು?

ಕ್ಯಾಮೆರಾ ಕಂಪನಿಗಳ ನಿಜವಾದ ಹೆದರಿಕೆ ಇದು. ಬಣ್ಣದ ಫಿಲ್ಮಿಗೆ ಜಗತ್ತಿನಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದದ್ದು 2000ದಲ್ಲಿ, ಹತ್ತೇ ವರ್ಷದಲ್ಲಿ ಅದು ಹತ್ತನೇ ಒಂದು ಪಾಲಿಗಿಂತ ಕೆಳಗೆ ಬಿತ್ತು ಅಂತ ಫ್ಯೂಜಿಫಿಲ್ಮ್ ಕಂಪನಿಯೇ ಹೇಳಿದೆ. 2012ರ ಜನವರಿಯಲ್ಲಿ ಕೊಡಾಕ್ ದಿವಾಳಿ ಅರ್ಜಿ ಹಾಕಿತು. ನಮ್ಮ ಊಟಿಯಲ್ಲಿ ‘ಇಂದು’ ಹೆಸರಿನ ಫಿಲ್ಮ್ ಮಾಡುತ್ತಿದ್ದ ಸರ್ಕಾರಿ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ಕೂಡ ಮುಚ್ಚಿತು. ಈಗ ದೊಡ್ಡ ಪ್ರಮಾಣದಲ್ಲಿ ಬಣ್ಣದ ಫಿಲ್ಮ್ ಮಾಡುವವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು.

ಗಾಳಿ ಮಾತ್ರ ಸ್ವಲ್ಪ ತಿರುಗಿದೆ. ಇಂಗ್ಲೆಂಡಿನ ಹಾರ್ಮನ್ ಕಂಪನಿ, ಇಲ್‌ಫೋರ್ಡ್ ಕಪ್ಪು-ಬಿಳುಪು ಫಿಲ್ಮಿನವರು, 2023ರ ಡಿಸೆಂಬರಿನಲ್ಲಿ ಫೀನಿಕ್ಸ್ ಎಂಬ ತಮ್ಮದೇ ಬಣ್ಣದ ಫಿಲ್ಮ್ ಹೊರತಂದರು. ಕೊಡಾಕ್ 2024ರ ನವೆಂಬರಿನಲ್ಲಿ ರೋಚೆಸ್ಟರಿನ ಫಿಲ್ಮ್ ಕಾರ್ಖಾನೆಯನ್ನು ಕೆಲವು ವಾರ ನಿಲ್ಲಿಸಿತು. ಈ ಸಲ ಮುಚ್ಚಲು ಅಲ್ಲ, ಹೆಚ್ಚು ಮಾಡಲು ಯಂತ್ರಗಳನ್ನು ಸರಿಪಡಿಸುವುದಕ್ಕೆ. ಹೊಸ ಕ್ಯಾಮೆರಾ ಮಾಡಲೋ ಬೇಡವೋ ಅಂತ ಯೋಚಿಸುವವರಿಗೆ ಇದು ಹಳೆ ಕ್ಯಾಮೆರಾಗಳ ಬೆಲೆ ಏರಿದ್ದಕ್ಕಿಂತ ದೊಡ್ಡ ಸೂಚನೆ. ಸೆಕೆಂಡ್ ಹ್ಯಾಂಡ್ ಬೆಲೆ ಒಂದು ಟಿವಿ ಶೋದಿಂದಲೂ ಏರುತ್ತದೆ. ಕಾರ್ಖಾನೆಗೆ ದುಡ್ಡು ಹಾಕುವವರು ಹತ್ತು ವರ್ಷ ಮುಂದೆ ನೋಡಿ ಹಾಕುತ್ತಾರೆ.

ಇನ್ನು ನಮ್ಮೂರಿನ ಖರ್ಚು. ಬಣ್ಣದ ಒಂದು ರೋಲಿಗೆ ಸಾವಿರ ರೂಪಾಯಿ, ತೊಳೆದು ಸ್ಕ್ಯಾನ್ ಮಾಡಿಸಲು ಐನೂರು ಅಂತ ಹಿಡಿಯೋಣ. 36 ಫೋಟೊ ಅಂದರೆ ಒಂದಕ್ಕೆ 42 ರೂಪಾಯಿ. ಹಾಫ್ ಫ್ರೇಮ್ ಆದರೆ 21. ಒಂದು ಮಸಾಲೆ ದೋಸೆ ಬಿಟ್ಟರೆ ಎರಡು-ಮೂರು ಫೋಟೊ! ಹಾಫ್ ಫ್ರೇಮ್ ಯಾಕೆ ಬಂತು ಅಂತ ಇನ್ನು ವಿವರಿಸಬೇಕಾಗಿಲ್ಲ. ಆದರೆ ಅರ್ಧ ಜಾಗದ ನೆಗೆಟಿವ್, ದೊಡ್ಡ ಪ್ರಿಂಟ್ ಹಾಕಿಸಿದರೆ ಕಾಳು ಕಾಳಾಗಿ ಕಾಣುತ್ತದೆ. ಸ್ಕ್ಯಾನ್ ಮಾಡುವವರು 72 ಫೋಟೊವನ್ನು ಬಿಡಿಬಿಡಿಯಾಗಿ ಮಾಡಿಕೊಡಲು ಜಾಸ್ತಿ ಕೇಳಬಹುದು, ಕೆಲವರು ಎರಡೆರಡು ಒಟ್ಟಿಗೆ ಕೊಟ್ಟುಬಿಡುತ್ತಾರೆ. ಕೊಡುವ ಮೊದಲೇ ಕೇಳಿಕೊಳ್ಳಿ.

ತೊಳೆಯುವುದು ಅಂದೆನಲ್ಲ, ಅದೂ ಸುಲಭವಲ್ಲ. ಬಣ್ಣದ ನೆಗೆಟಿವ್‌ಗೆ ಸಿ-41 ಎಂಬ ಕ್ರಮ. ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು, ಸಮಯ ಮೂರು ನಿಮಿಷ ಹದಿನೈದು ಸೆಕೆಂಡ್. ಅರ್ಧ ಡಿಗ್ರಿ ಆಚೀಚೆಯಾದರೂ ಬಣ್ಣ ವಾಲುತ್ತದೆ. ರಾಸಾಯನಿಕ ತಾಜಾ ಇರಬೇಕಾದರೆ ದಿನಾ ರೋಲು ಬರಬೇಕು. ದಿನಾ ಬರದ ಊರಿನಲ್ಲಿ ಲ್ಯಾಬ್ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿಯ ಎಷ್ಟೋ ಮಂದಿ ಬೆಂಗಳೂರಿಗೋ ಮುಂಬೈಗೋ ಕೊರಿಯರ್ ಮಾಡುತ್ತಾರೆ. ಸಣ್ಣ ಊರುಗಳಲ್ಲಿ ಬೇಡಿಕೆಯನ್ನು ತಡೆಯುತ್ತಿರುವುದು ಕ್ಯಾಮೆರಾದ ಬೆಲೆಗಿಂತ ಇದೇ ಅಂತ ನನ್ನ ಅಂದಾಜು. ಮಣಿಪಾಲದಂಥ ಕಡೆ ಒಂದು ಒಳ್ಳೆ ಲ್ಯಾಬ್ ನಿಂತರೆ ಸುತ್ತಲಿನ ಕಾಲೇಜುಗಳಿಂದ ರೋಲು ಬರುವುದು ತಾನಾಗಿ ಹೆಚ್ಚೀತು.

ಈಗ ಕೊಳ್ಳುವವರಿಗೆ ಏನು ಹೇಳುವುದು? ಸುಮ್ನೆ ರುಚಿ ನೋಡಬೇಕೆಂದರೆ ಎಚ್35 ಥರದ್ದು ಸಾಕು. ಎರಡು ರೋಲು ತೆಗೆದ ಮೇಲೆ ಬೇಸರ ಬಂದರೆ ದೊಡ್ಡ ನಷ್ಟವಿಲ್ಲ. ರುಚಿ ಹತ್ತಿದರೆ, ಜೇಬಿಗೇ ಹಿಡಿಯಬೇಕು ಅನ್ನುವ ಹಟ ಇಲ್ಲದಿದ್ದರೆ, ಸರ್ವಿಸ್ ಮಾಡಿಸಿದ ಹಳೆ ಕೆ1000 ಥರದ್ದು ಕಡಿಮೆ ದುಡ್ಡಿಗೆ ಜಾಸ್ತಿ ಬಾಳುತ್ತದೆ. ಜೇಬಿನದೇ ಬೇಕು, ಹೊಸದೇ ಬೇಕು ಅನ್ನುವವರಿಗೆ ಪೆಂಟಾಕ್ಸ್ 17. ಹೊರಗಿನಿಂದ ತರಿಸುವಾಗ ಕಸ್ಟಮ್ಸ್ ಸುಂಕ, ಜಿಎಸ್‌ಟಿ ಸೇರಿ ಎಷ್ಟಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ. ವಾರಂಟಿ ಕಾರ್ಡು ಇದ್ದರೆ ಸಾಲದು, ಕೆಟ್ಟರೆ ಕ್ಯಾಮೆರಾ ಯಾವ ದೇಶಕ್ಕೆ ಹೋಗಬೇಕು, ಹೋಗಿ ಬರುವ ಖರ್ಚು ಯಾರದ್ದು ಅಂತ ಮಾರುವವರ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಮಳೆಗಾಲದಲ್ಲಿ ಕೇಸು ಬಿಚ್ಚಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ರೋಲುಗಳನ್ನು ಫ್ರಿಜ್ಜಿನಲ್ಲಿಡಿ, ಹೊರತೆಗೆದ ಮೇಲೆ ಒಂದೆರಡು ಗಂಟೆ ಡಬ್ಬಿ ತೆರೆಯಬೇಡಿ, ಇಲ್ಲದಿದ್ದರೆ ನಮ್ಮ ಗಾಳಿಗೆ ಫಿಲ್ಮಿನ ಮೇಲೆ ನೀರು ಕೂರುತ್ತದೆ. ವಿಮಾನದಲ್ಲಿ ಹೋಗುವುದಾದರೆ ಚೆಕ್-ಇನ್ ಬ್ಯಾಗಿನಲ್ಲಿ ಫಿಲ್ಮ್ ಬೇಡವೇ ಬೇಡ. ಕೈಚೀಲದಲ್ಲಿಟ್ಟುಕೊಂಡು ಕೈಯಲ್ಲೇ ಪರೀಕ್ಷಿಸಲು ಕೇಳಿಕೊಳ್ಳಿ. ಹೊಸ ಸಿಟಿ ಸ್ಕ್ಯಾನರ್‌ಗಳಲ್ಲಿ ಒಂದೇ ಸಲ ಹೋದರೂ ಫಿಲ್ಮ್ ಮಂಕಾಗಬಹುದು. ಮತ್ತೆ, ಪೆಂಟಾಕ್ಸ್ 17 ನಡೆಯುವುದು ಸಿಆರ್2 ಬ್ಯಾಟರಿಯಲ್ಲಿ. ರಥಬೀದಿಯ ಅಂಗಡಿಯಲ್ಲಿ ಸಿಗುವ ಪೆನ್ಸಿಲ್ ಸೆಲ್ ಅದಕ್ಕಾಗುವುದಿಲ್ಲ, ಕ್ಯಾಮೆರಾ ತರಿಸುವಾಗಲೇ ಎರಡು ಹೆಚ್ಚಿಗೆ ತರಿಸಿಕೊಳ್ಳಿ.